ಏಳನೇ ತಟ್ಟೆ

ಒಂದೇ ವಾರದಲ್ಲಿ ಆಸ್ಪತ್ರೆಯ ಮೂವತ್ತೊಂದು ಸಿಬ್ಬಂದಿಗೆ ಹೊಟ್ಟೆ ಕೆಟ್ಟಿತು. ಉಂಡದ್ದೆಲ್ಲ ಆಸ್ಪತ್ರೆಯ ಕ್ಯಾಂಟೀನಿನಲ್ಲಿ. ಹಾಗಾಗಿ ತಪ್ಪು ಅಡುಗೆಯಕ್ಕನದೆಂದು ಕಾರಿಡಾರಿನಲ್ಲೇ ತೀರ್ಪಾಗಿಹೋಯಿತು. ಅದನ್ನು ಒಪ್ಪದವನು ಪ್ರಯೋಗಾಲಯದ ಭೂತಗನ್ನಡಿ ಒಬ್ಬನೇ.

ಇಪ್ಪತ್ತೆರಡು ವರ್ಷಗಳಿಂದ ಕರುಳಿನ ರೋಗಾಣುಗಳನ್ನು ಕಣ್ಣಲ್ಲೇ ಗುರುತು ಹಿಡಿಯುತ್ತಿದ್ದವನಿಗೆ, ಜೇಬಿನಲ್ಲಿ ಸದಾ ಇರುವ ಮಸೂರದಿಂದಾಗಿ ಅಂಟಿದ ಹೆಸರು ಅದು. ತನ್ನ ಮುಖವನ್ನೂ ಅಂಚು, ಬಣ್ಣ, ಹೊಳಪು ಅಂತಲೇ ನೋಡುತ್ತಾನೆಂದು ಹೆಂಡತಿಯ ದೂರು. ಮಧ್ಯಾಹ್ನ ಊಟಕ್ಕೆ ಹೋದರೂ ಸುಮ್ಮನೆ ಕೂರುವ ಆಸಾಮಿಯಲ್ಲ. ಅಡುಗೆಮನೆಗೆ ನುಗ್ಗಿ, ಅಡುಗೆಯಕ್ಕನ ಕೈಯಿಂದ ಚಾಕು ಕಿತ್ತುಕೊಂಡು, ಎಲ್ಲರ ಪಾಲಿನ ಸೌತೆಕಾಯಿಯನ್ನೂ ಕಾಗದದಷ್ಟು ತೆಳ್ಳಗೆ ತಾನೇ ಹೆಚ್ಚುವನು. "ನೀವು ಮಾಡೋದು ಹೆಚ್ಚೋದಲ್ಲ ಅಕ್ಕ, ಕಡಿಯೋದು" ಎಂದು ಅವಳನ್ನು ದಿನವೂ ಹಂಗಿಸುವನು.

ಅಂದು ಅವನ ಕುರ್ಚಿಗೇ ಸಂಚಕಾರ ಬಂದಿತ್ತು. ಪರೀಕ್ಷೆಗೆಂದು ಮಾದರಿ ಬೆಳೆಸುವ ಪುಟ್ಟ ಮುಚ್ಚಳದ ತಟ್ಟೆಗಳ ಫೋಟೊ ಹಿಡಿದು ರೋಗಾಣುವಿನ ಹೆಸರು ಹೇಳುವ ಯಂತ್ರವೊಂದನ್ನು ಟೈ ಕಟ್ಟಿದ ಮಾರಾಟಗಾರನೊಬ್ಬ ತಂದು, ಸರಿಯಾಗಿ ಅವನ ಮೇಜಿನ ಮೇಲೇ ಕೂರಿಸಿದ್ದ. ಅಡುಗೆಮನೆಯವರ ತಟ್ಟೆಗಳನ್ನು ಇಬ್ಬರೂ ಓದಲಿ, ಗೆದ್ದವರು ಇಲ್ಲಿರಲಿ ಎಂದಿದ್ದರು ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರಮ್ಮ.

ಹನ್ನೆರಡು ತಟ್ಟೆಗಳು. ಹನ್ನೊಂದು ಅಡುಗೆಮನೆಯ ಹನ್ನೊಂದು ಜನರ ಮಲದ ಮಾದರಿಯವು. ಇನ್ನೊಂದು, ಹೋಲಿಕೆಗೆಂದು ಯಾವಾಗಲೂ ಸೇರಿಸುವ ಆರೋಗ್ಯವಂತನೊಬ್ಬನದು. ನಂಬರು ಹಂಚಿದವರು ಡಾಕ್ಟರಮ್ಮ, ಯಾವುದು ಯಾರದೆಂಬ ಪಟ್ಟಿ ಅವರ ಲಕೋಟೆಯಲ್ಲಿ. ರೋಗಾಣುಗಳಿಗೆ ಮೇವಾಗುವ ಅಗರ್ ಎಂಬ ಕೆಂಪು ಲೋಳೆ ಹರಡಿದ ತಟ್ಟೆಗಳು ರಾತ್ರಿಯಿಡೀ ಬೆಚ್ಚಗಿನ ಪೆಟ್ಟಿಗೆಯಲ್ಲಿದ್ದು, ಒಳಗಿನವರು ಈಗ ಚುಕ್ಕೆಗಳಾಗಿ ಮೇಲೆದ್ದಿದ್ದರು. ಹಳದಿ ಚುಕ್ಕೆಯವರು ಕರುಳಿನಲ್ಲಿ ಎಂದಿನಿಂದ ಇರುವ ಸಾಧುಗಳು. ಸುತ್ತ ಕೆಂಪು, ನಡುವೆ ಕಪ್ಪು ಇದ್ದರೆ ಅವನೇ ಕಳ್ಳ, ಸಾಲ್ಮೊನೆಲ್ಲ.

ಯಂತ್ರ ಮೂರೇ ನಿಮಿಷದಲ್ಲಿ ಫಲಿತಾಂಶ ಉಗುಳಿತು: ನಾಲ್ಕನೇ ತಟ್ಟೆಯಲ್ಲಿ ಸಾಲ್ಮೊನೆಲ್ಲ, ಉಳಿದವು ಶುದ್ಧ. ಡಾಕ್ಟರಮ್ಮ ಲಕೋಟೆಯೊಳಗೆ ಇಣುಕಿ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಅಡುಗೆಯಕ್ಕನಿಗೆ ಅಷ್ಟು ಸಾಕಾಯಿತು. ಹುಟ್ಟಿದಾಗಿನಿಂದ ತನಗೆ ಒಂದು ದಿನ ಹೊಟ್ಟೆನೋವು ಬಂದಿಲ್ಲವೆಂದು ಕೂಗುತ್ತ, ಸೌಟಿನ ಸಮೇತ ಒಳಗೆ ನುಗ್ಗಿದಳು. ಸೌಟು ಮೇಜಿಗೆ ಬಡಿಯಿತು. ಹನ್ನೆರಡು ಮುಚ್ಚಳಗಳೂ ಬಿಲ್ಲೆಗಳಂತೆ ನೆಲದ ಮೇಲೆ ಉರುಳಿದವು.

"ಮುಗೀತು" ಎಂದ ಟೈ. "ಯಾವ್ದು ಯಾರ್ದು ಅಂತ ದೇವರೇ ಹೇಳ್ಬೇಕು."

ಭೂತಗನ್ನಡಿ ನಕ್ಕ. "ಮುಚ್ಚಳದ ಮೇಲೆ ನಂಬರ್ ಬರೆಯೋನು ದಡ್ಡ ಕಣಯ್ಯ. ತಟ್ಟೆ ಅಡಿಯಲ್ಲಿ ನೋಡು. ಪ್ರಳಯ ಆದ್ರೂ ನನ್ನ ನಂಬರ್ ಅದಲುಬದಲಾಗಲ್ಲ."

ನಾಲ್ಕನೆಯದನ್ನು ಎತ್ತಿ ಮೂಗಿನ ಹತ್ತಿರ ಆಡಿಸಿದ. ಹಳಸಿದ ಮೀನಿನ ವಾಸನೆ. ಕಪ್ಪುಬೊಟ್ಟು ಇಟ್ಟುಕೊಂಡು ಕಳ್ಳನಂತೆ ಕಾಣುವ ಬೇರೊಬ್ಬ ಬಡಪಾಯಿ ಅದು, ನಿಮ್ಮ ಯಂತ್ರಕ್ಕೆ ಕಣ್ಣಿದೆ, ಮೂಗಿಲ್ಲ ಎಂದ. ಗಾಜಿನ ಮೇಲೆ ಸಾಲ್ಮೊನೆಲ್ಲವನ್ನು ಹಿಡಿದುಕೊಡುವ ಸೀರಮ್ ಒಂದು ತೊಟ್ಟು ಹಾಕಿ ಚುಕ್ಕೆಯನ್ನು ಕಲಸಿ ತೋರಿಸಿದ. ಕಳ್ಳನಾಗಿದ್ದರೆ ಹರಳುಗಟ್ಟಬೇಕಿತ್ತು, ನೀರು ನೀರಾಗಿಯೇ ಉಳಿಯಿತು. ಅಡುಗೆಯಕ್ಕ ಸೌಟನ್ನು ಕೆಳಗಿಳಿಸಿದಳು.

ಆಮೇಲೆ ಮಸೂರ ಹಿಡಿದು ಒಂದೊಂದೇ ತಟ್ಟೆಯ ಮೇಲೆ ಬಾಗಿದ. ಏಳನೆಯದರಲ್ಲಿ ನಿಂತ. ಹಳದಿ ಚುಕ್ಕೆಗಳ ಜಾತ್ರೆಯಲ್ಲಿ, ದಪ್ಪದೊಂದರ ಬೆನ್ನಿಗೆ ಅಂಟಿಕೊಂಡು, ಸಾಸಿವೆಗಿಂತ ಚಿಕ್ಕದೊಂದು ಕೆಂಪು. ಅದರ ನಡುವೆ ಕಪ್ಪು. ಸೀರಮ್ಮಿಗೆ ತಾಗಿಸಿದ್ದೇ ತಡ, ಒಡೆದ ಹಾಲಿನಂತೆ ಹರಳುಗಟ್ಟಿತು.

ಡಾಕ್ಟರಮ್ಮ ತಾವೇ ಬಾಗಿ ನೋಡಿ, ಎರಡು ಸಲ ತಲೆಯಾಡಿಸಿದರು. ಕಾರಿಡಾರಿನಲ್ಲಿ ನೆರೆದವರು ಚಪ್ಪಾಳೆ ತಟ್ಟಿದರು. ಟೈ ಯಂತ್ರವನ್ನು ಪೆಟ್ಟಿಗೆಗೆ ಇಳಿಸತೊಡಗಿದ. ಭೂತಗನ್ನಡಿ ತನ್ನ ಕುರ್ಚಿಯಲ್ಲಿ ಗಾದಿಯೇರಿದವನಂತೆ ಕೂತು, ಕಾಲ ಮೇಲೆ ಕಾಲು ಹಾಕಿ, ಲಕೋಟೆಯ ಪಟ್ಟಿ ಓದಲು ಅಪ್ಪಣೆ ಕೊಟ್ಟ.

ಡಾಕ್ಟರಮ್ಮ ಓದಿದರು. ಮತ್ತೊಮ್ಮೆ ಓದಿದರು. "ಹೋಲಿಕೆಗೆ ಅಂತ ಸೇರಿಸೋ ಆರೋಗ್ಯವಂತನ ಮಾದರಿ, ಯಾರ್ದು ಕೊಡ್ತೀರಿ ನೀವು?"

"ಯಾವಾಗ್ಲೂ ನಂದೇ. ನನಗಿಂತ ಗಟ್ಟಿ ಹೊಟ್ಟೆ ಈ ಕಟ್ಟಡದಲ್ಲಿ ಯಾರ್ದಿದೆ?"

"ಅದೇ ಏಳನೇದು."

ಕಾಲ ಮೇಲಿನ ಕಾಲು ಕೆಳಗಿಳಿಯಿತು. ಮುಚ್ಚಳಗಳು ಬಿದ್ದಾಗ ಏನಾದರೂ ಅದಲುಬದಲಾಗಿರಬಹುದೇನೋ ಎಂದು ಅವನು ತೊದಲಿದ.

"ಪ್ರಳಯ ಆದ್ರೂ ಆಗಲ್ಲ ಅಂದ್ರಲ್ಲ" ಎಂದಳು ಅಡುಗೆಯಕ್ಕ. ಆಮೇಲೆ ಅವಳಿಗೆ ಏನೋ ಹೊಳೆದು ಸೌಟು ಮತ್ತೆ ಮೇಲೆದ್ದಿತು. "ಸೌತೆಕಾಯಿ."

ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ಹೊಟ್ಟೆಯಲ್ಲಿ ಕಳ್ಳನನ್ನು ಸಾಕಿಕೊಂಡವರು, ತಮಗೆ ಬಾಧೆಯಿಲ್ಲದಿದ್ದರೂ, ಮೂರು ತಟ್ಟೆ ಶುದ್ಧವೆಂದು ಬರುವ ತನಕ ಅಡುಗೆಮನೆಗೂ ಪ್ರಯೋಗಾಲಯಕ್ಕೂ ಕಾಲಿಡುವಂತಿಲ್ಲ. ಔಷಧಿ ತಗೊಂಡು ಎರಡು ವಾರದಲ್ಲಿ ಬಂದುಬಿಡುತ್ತೇನೆ ಎಂದು ಭೂತಗನ್ನಡಿ ಎದ್ದ. ಎದ್ದವನು ಅಲ್ಲೇ ನಿಂತ.

"ನನ್ನ ತಟ್ಟೆ ಯಾರು ಓದ್ತಾರೆ?"

ಟೈ ಆಸೆಯಿಂದ ಪೆಟ್ಟಿಗೆಯ ಅಂಟುಪಟ್ಟಿ ಕೀಳತೊಡಗಿದ.

"ಆ ಯಂತ್ರಕ್ಕೆ ಏಳನೇದು ಕಾಣಲೇ ಇಲ್ವಲ್ಲ" ಎಂದರು ಡಾಕ್ಟರಮ್ಮ. "ಅದು ಶುದ್ಧ ಅಂದ್ರೆ ನಾನು ನಂಬಲ್ಲ. ನನ್ನ ಕಣ್ಣಿಗೂ ನೀವು ತೋರಿಸಿದ ಮೇಲೇ ಕಂಡಿದ್ದು. ಅಷ್ಟು ಚಿಕ್ಕದು ಹುಡುಕೋಕೆ ಬರೋದು ನಿಮಗೊಬ್ಬರಿಗೇ. ನೀವು ಒಳಗೆ ಬರೋ ಹಾಗಿಲ್ಲ."

ಮಧ್ಯಾಹ್ನ ಅವನು ಪ್ರಯೋಗಾಲಯದ ಬಾಗಿಲಾಚೆ ಬೆಂಚಿನ ಮೇಲೆ ನಿಂತು, ಬಾಗಿಲ ಗಾಜಿಗೆ ಮಸೂರ ಒತ್ತಿಕೊಂಡು, ಒಳಗಿನ ಏಳನೇ ತಟ್ಟೆಯನ್ನೇ ನೋಡುತ್ತಿದ್ದ. ಎಂಥ ಅಂಚು, ಎಂಥ ಹೊಳಪು. ಇನ್ಯಾರಿಗೂ ಸಿಗುತ್ತಿರಲಿಲ್ಲ.

ಅಡುಗೆಯಕ್ಕ ಬಂದು ಅವನ ಪಕ್ಕದಲ್ಲಿ ಒಂದು ಬಟ್ಟಲು ಇಟ್ಟಳು. ಹೆಬ್ಬೆರಳು ದಪ್ಪದ ಸೌತೆಕಾಯಿ ತುಂಡುಗಳು.

"ತಿನ್ನಿ" ಎಂದಳು. "ಕಡಿದಿದ್ದು."