ಕಿರಣ ಬಿದ್ದ ನಾರು

"ಮೂಲೆಯಲ್ಲಿರೋ ಕಟ್ಟು ಏನದು?" ಎಂದು ಅತ್ತೆ ಕೇಳಿದಾಗ ಸೋಡಾರಾಯರು "ನಾರು" ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ದೇವರು ಆ ಬುದ್ಧಿಯೊಂದನ್ನು ಅವರಿಗೆ ಕೊಟ್ಟಿರಲಿಲ್ಲ.

"ವಿಕಿರಣ ಹಾಯಿಸಿದ ನಾರು!" ಎಂದು ಎದೆಯುಬ್ಬಿಸಿದರು.

ಕಾಗದದ ಕಾರ್ಖಾನೆಯಲ್ಲಿ ಹುಲ್ಲಿನ ನಾರನ್ನು ಸೋಡಾ ನೀರಿನಲ್ಲಿ ಬೇಯಿಸುವುದು ಅವರ ಕೆಲಸ. ಹೆಸರೂ ವಾಸನೆಯೂ ಅಲ್ಲಿಂದಲೇ ಬಂದದ್ದು. ಕಿರಣ ಹಾಯಿಸಿದರೆ ನಾರು ಸಡಿಲವಾಗುತ್ತದೆ, ಸೋಡಾ, ಸೌದೆ ಎರಡೂ ಉಳಿಯುತ್ತವೆ ಎಂದು ಮ್ಯಾನೇಜರರ ಆಸೆ. ಇಂದು ಅದರಿಂದ ಒಳ್ಳೆಯ ಹಾಳೆ ತೆಗೆದರೆ ಹೊಸ ವಿಭಾಗಕ್ಕೆ ರಾಯರೇ ಮೇಲ್ವಿಚಾರಕರು. ಇಲ್ಲವಾದರೆ ಮತ್ತದೇ ಕುದಿಯುವ ಕಡಾಯಿ, ಅದೇ ಉರಿಯುವ ಕಣ್ಣು. ನಿನ್ನೆ ಕಿರಣ ಹಾಯಿಸುವ ಕೇಂದ್ರದಿಂದ ನಾರು ತರುವಷ್ಟರಲ್ಲಿ ಕಾರ್ಖಾನೆಗೆ ಬೀಗ ಬಿದ್ದಿತ್ತು. ಹಾಗಾಗಿ ಕಟ್ಟು ಮನೆಗೆ ಬಂದಿತ್ತು.

ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಅಳಿಯ, ಅತ್ತೆ ಇಬ್ಬರೇ. ಜಗಳವಾಡಿಕೊಂಡೇ ಇಬ್ಬರೂ ದುಃಖ ಮರೆಯುತ್ತಿದ್ದರು. ಅತ್ತೆ ಇಕ್ಕಳ ತಂದು, ಸತ್ತ ಇಲಿಯನ್ನು ಎಸೆಯುವಂತೆ ಕಟ್ಟನ್ನು ಅಂಗಳಕ್ಕೆ ಎಸೆದರು.

"ಇಷ್ಟು ದಿನ ನಿಮ್ಮ ಬಟ್ಟೆಗಂಟಿ ಬಂದ ನಾರು ನಾರ್ತಿತ್ತು. ಇದು ನಾರೋದೇ ಇಲ್ಲ. ನನಗಾಗ್ಲೇ ಅನುಮಾನ ಬಂತು!"

ಗದ್ದಲಕ್ಕೆ ನೆರೆಹೊರೆ ಕೂಡಿತು. "ಎಕ್ಸ್‌ರೇ ಕೋಣೆಗೆ ನಮ್ಮನ್ನೇ ಬಿಡಲ್ಲ, ನೀವು ಮನೆಗೇ ತಂದ್ರಾ?" ಎಂದರು ಪಕ್ಕದ ಮನೆಯ ನರ್ಸಮ್ಮ.

"ರಾತ್ರಿ ಹೊಳೆಯುತ್ತಾ ರಾಯರೇ? ನನಗೊಂದೆಳೆ ಕೊಡಿ, ಸೂಜಿಗೆ ದಾರ ಪೋಣಿಸೋಕೆ ದೀಪವೇ ಬೇಡ," ಎಂದ ದರ್ಜಿ.

ರಾಯರು ಕಟ್ಟೆ ಹತ್ತಿ ನಿಂತರು. "ಬಿಸಿಲಲ್ಲಿ ಒಣಗಿಸಿದ ಸೀರೆ ಮಡಿಸಿಟ್ರೆ ಪೆಟ್ಟಿಗೆಯೊಳಗೆ ಸೂರ್ಯ ಕೂತಿರ್ತಾನೇನ್ರಮ್ಮಾ? ಕಿರಣ ಹಾದು ಹೋಯ್ತು, ಅಷ್ಟೇ!" ಎಂದು ಒಂದು ಹಿಡಿ ನಾರನ್ನು ಕೆನ್ನೆಗೆ ಉಜ್ಜಿಕೊಂಡರು, ಹಲ್ಲಿನಲ್ಲಿ ಕಚ್ಚಿ ತೋರಿಸಿದರು. ಎಲ್ಲರೂ ತಲೆದೂಗಿದರು. ತಮ್ಮ ಮಾತಿಗೆ ತಾವೇ ಮರುಳಾಗಿ ರಾಯರು ಸ್ನಾನಕ್ಕೆ ಹೋದರು.

ಬಂದು ನೋಡಿದರೆ ನಾರಿನ ಕಟ್ಟೇ ಇಲ್ಲ. ಬೀದಿ ನಲ್ಲಿಯ ಸುತ್ತ ಎಲ್ಲರೂ ಕೂತು, ಹಿಡಿ ಹಿಡಿ ನಾರಿನಿಂದ ಮಸಿ ಪಾತ್ರೆ ಉಜ್ಜುತ್ತಿದ್ದಾರೆ! ಅತ್ತೆಯೇ ಹಂಚಿದ್ದರು.

"ಎಷ್ಟು ಮೆತ್ತಗಿದೆ ಅಳಿಯಂದಿರೇ! ಕೈಗೆ ಚುಚ್ಚೋದೇ ಇಲ್ಲ."

ಕಟ್ಟನ್ನು ಕಾಯುತ್ತಿದ್ದದ್ದು ಜನರ ಭಯವೊಂದೇ. ಅದನ್ನು ಭಾಷಣ ಮಾಡಿ ಓಡಿಸಿದವರು ತಾವೇ ಎಂದು ರಾಯರಿಗೆ ಆಗ ಹೊಳೆಯಿತು.

"ಮುಟ್ಟಬೇಡಿ! ವಿಕಿರಣ! ಅಪಾಯ!"

"ಕಚ್ಚಿ ತೋರಿಸಿದ್ರಲ್ಲ, ನಿಮಗೇನು ಬಾಲ ಬಂತಾ?" ಎಂದರು ನರ್ಸಮ್ಮ. ನಲ್ಲಿಯ ಸುತ್ತ ನಗೆ ಎದ್ದಿತು.

ರಾಯರು ಮೊಣಕಾಲೂರಿ, ಮೋರಿಗೆ ಹೋಗದೆ ಉಳಿದ ಚೂರುಗಳನ್ನೆಲ್ಲ ಪಂಚೆಯಲ್ಲಿ ಕಟ್ಟಿಕೊಂಡು ಕಾರ್ಖಾನೆಗೆ ಓಡಿದರು. ಮಸಿ, ಜಿಡ್ಡು ಹೋಗುವವರೆಗೂ ತೊಳೆದರು, ಬೇಯಿಸಿದರು. ದೇವರನ್ನು ನೆನೆದು ಜರಡಿಯ ಮೇಲೆ ಹಾಳೆ ಎತ್ತಿದರು.

ಮ್ಯಾನೇಜರರು ಹಾಳೆಯನ್ನು ಬೆಳಕಿಗೆ ಹಿಡಿದರು, ಎಳೆದರು, ಮಡಿಸಿದರು. ಅವರ ಮುಖ ಅರಳಿತು. "ಭೇಷ್! ನಾರನ್ನ ಕುಟ್ಟಿ ಹದ ಮಾಡೋದರಲ್ಲೇ ಎಲ್ಲಾ ಇರೋದು. ನಮ್ಮ ಯಂತ್ರ ಯಾವತ್ತೂ ಇಷ್ಟು ನುಣ್ಣಗೆ ಕುಟ್ಟಿಲ್ಲ. ಯಾರ ಕೈ ಇದು?"

'ನಂದೇ' ಎಂಬ ಮಾತು ರಾಯರ ನಾಲಿಗೆಯ ತುದಿಗೆ ಬಂತು. ಆದರೆ ಈಗಷ್ಟೇ ನೆನೆದ ದೇವರಿಗೆ ಹೆದರಿ, ನಲ್ಲಿಯ ಬಳಿ ಆ ನಾರಿನಿಂದ ಪಾತ್ರೆ ಉಜ್ಜಿದ ನಿಜ ಹೇಳಿಬಿಟ್ಟರು.

"ಹಾಗಾದ್ರೆ ನಾಳೆಯಿಂದ ನಿಮ್ಮ ಅತ್ತೆಯವರನ್ನ, ಆ ನಲ್ಲಿ ಹತ್ತಿರದವರನ್ನ ಕರ್ಕೊಂಡು ಬನ್ನಿ. ಮೇಲ್ವಿಚಾರಣೆ ಅತ್ತೆಯವರದ್ದೇ ಇರಲಿ."

"ಮತ್ತೆ ನಾನು, ಸಾರ್?"

"ನೀವಿಲ್ಲದೆ ಆಗುತ್ತೇನ್ರೀ? ಅವರು ಉಜ್ಜೋದಕ್ಕೆ ಪಾತ್ರೆಗಳಿಗೆ ಮಸಿ ಹಿಡಿಸೋರು ಬೇಡ್ವಾ? ಒಲೆ ಮುಂದೆ ನೀವೇ!"