ನನ್ನ ಕರುಳಿನಲ್ಲಿ ಬಿಡಾರ ಹೂಡಿರುವ ಕ್ರಿಮಿ ಮಹಾಶಯರಿಗೆ

ಕಣ್ಣಿನ ವಾರ್ಡು, ಕಿಟಕಿ ಪಕ್ಕದ ಮಂಚ
೧೯೫೮

ಅವಿಶ್ರಾಂತ ದುಡಿಮೆಗಾರರೂ, ಬರಿಗಣ್ಣಿಗೆ ಕಾಣದ ಮಹನೀಯರೂ ಆದ ಮಾನ್ಯರೇ,

ಸೊರಬ ತಾಲ್ಲೂಕು ಕುಬಟೂರಿನ ಉಚ್ಚಂಗಪ್ಪನಾದ ನಾನು, ಬೋರಲು ಬೀಳಲು ಡಾಕ್ಟರರ ಅಪ್ಪಣೆ ಇಲ್ಲದ್ದರಿಂದ, ತಮಗೆ ಸಾಷ್ಟಾಂಗ ನಮಸ್ಕಾರವನ್ನು ಅಂಗಾತ ಮಲಗಿಯೇ ಸಲ್ಲಿಸುತ್ತಿದ್ದೇನೆ. ನಾನು ಹೇಳಿದ್ದನ್ನು ನನ್ನ ಹೆಂಡತಿ ನೀಲಾಂಬಿಕೆ ಬರೆದುಕೊಳ್ಳುತ್ತಿದ್ದಾಳೆ.

ಚಿಕ್ಕಂದಿನಲ್ಲಿ ಸಿಡುಬೆದ್ದು ನನ್ನ ಎರಡೂ ಕಣ್ಣಿಗೆ ಹೂವು ಬಿದ್ದಿತ್ತು. ಹೆಣ್ಣು ನೋಡಲು ಹೋದಾಗ ಬಾಗಿಲ ಕಂಬವನ್ನೇ ನೋಡಿ ಒಪ್ಪಿಗೆ ಎಂದವನು ನಾನು. ಈಗ, ತೀರಿಕೊಂಡ ಯಾರೋ ಪುಣ್ಯಾತ್ಮರ ಕಣ್ಣಿನ ತಿಳಿಯಾದ ಪೊರೆಯನ್ನು ತೆಗೆದು ನನ್ನ ಬಲಗಣ್ಣಿಗೆ ಹೊಲಿದಿದ್ದಾರೆ. ತಿಣುಕಿದರೆ, ಕೆಮ್ಮಿದರೆ, ಥಟ್ಟನೆ ಎದ್ದರೆ ಹೊಲಿಗೆ ಬಿಚ್ಚಿ ಕಣ್ಣು ಹೋದೀತೆಂದು ಡಾಕ್ಟರರು ತಲೆಯ ಎರಡೂ ಪಕ್ಕ ಮರಳಿನ ಚೀಲವಿಟ್ಟು, ಮಿಸುಕಬೇಡವೆಂದು ಕೈಮುಗಿದು ಹೇಳಿದ್ದರು. ಹೆಂಡತಿಯ ಮುಖ ನೋಡುವ ಆಸೆಗೆ ನಾನು ಸೀನನ್ನು ಕೂಡ ನುಂಗಿಕೊಂಡು ಮಲಗಿದ್ದೆ.

ಇಂಥ ಶುಭ ಮುಹೂರ್ತವನ್ನೇ ಆರಿಸಿ ತಾವು ಗೃಹಪ್ರವೇಶ ಮಾಡಿದಿರಿ. ತಮ್ಮನ್ನು ಕರೆತಂದ ಕೀರ್ತಿ ನನ್ನ ಸೋದರತ್ತೆ ಅಕ್ಕನಾಗಮ್ಮನವರದು. "ಬ್ಯಾರೆ ಊರಿನ ಕಣ್ಣು ಕಣಪ್ಪಾ, ನಮ್ಮ ಬಾವಿ ನೀರು ಕುಡುದ್ರೆ ನಮ್ಮನಿಗೆ ಹೊಂದ್ಕಂತೈತಿ" ಎಂದು ಊರಿಂದ ಬಿಂದಿಗೆ ಹೊತ್ತು ಬಸ್ಸು ಹತ್ತಿದ ಅವರು, ಶಿಕಾರಿಪುರ ಮುಟ್ಟುವಷ್ಟರಲ್ಲಿ ನೀರು ತುಳುಕಿ ಅರ್ಧವಾಗಲು, ರಸ್ತೆ ಪಕ್ಕದ ಹೊಂಡದಲ್ಲಿ ಅದನ್ನು ಭರ್ತಿ ಮಾಡಿಕೊಂಡು ಬಂದು, ಆಸ್ಪತ್ರೆಯ ಕುದಿಸಿದ ನೀರನ್ನು ಕಿಟಕಿಯಾಚೆ ಚೆಲ್ಲಿ, ನನಗೆ ಲೋಟಗಟ್ಟಲೆ ಕುಡಿಸಿದರು. ಕಣ್ಣು ಹೊಂದಿಕೊಂಡಿತೋ ಇಲ್ಲವೋ, ತಾವಂತೂ ತವರಿಗೆ ಬಂದವರಂತೆ ಹೊಂದಿಕೊಂಡಿರಿ.

ಹಗಲಿರುಳೆನ್ನದೆ ನನಗೆ ಭೇದಿ ಮಾಡಿಸುವ ತಮ್ಮ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಮ್ಮಂಥವರು ಒಬ್ಬರೇ ಒಬ್ಬರು ಯಾವುದಾದರೂ ಸರ್ಕಾರಿ ಕಚೇರಿಯಲ್ಲಿದ್ದರೆ ಒಂದು ಕಾಗದವೂ ಒಳಗೆ ಉಳಿಯುತ್ತಿರಲಿಲ್ಲ. ಆದರೂ ನನ್ನದೊಂದು ವಿನಂತಿ. ಈ ಕಣ್ಣೂ ಹೊರಗಿನಿಂದ ಬಂದದ್ದೇ, ತಾವೂ ಹೊರಗಿನಿಂದ ಬಂದವರೇ. ಅದು ಸುಮ್ಮನೆ ಕೂತಿರುವ ಹಾಗೆ ತಾವೂ ಕೆಲವು ದಿನ ಕೂತಿರಬಾರದೇ? ಅದೂ ಆಗದಿದ್ದರೆ, ನಾನು ತಿಣುಕದಂತೆ, ಮಿಸುಕದಂತೆ, ಡಾಕ್ಟರರು ವಾರ್ಡಿನಲ್ಲಿಲ್ಲದ ಹೊತ್ತು ನೋಡಿಕೊಂಡು, ಸದ್ದುಗದ್ದಲವಿಲ್ಲದೆ ತಮ್ಮ ಕಲಾಪ ನಡೆಸಬಾರದೇ?

ನಿನ್ನೆ ಕಣ್ಣಿನ ಪಟ್ಟಿ ಬಿಚ್ಚಿದರು, ಅದೇ ಗಳಿಗೆಗೆ ತಾವು ಹುಯಿಲೆಬ್ಬಿಸಿದಿರಿ. ಡಾಕ್ಟರರು ನನ್ನ ತಲೆ ಹಿಡಿದುಕೊಂಡರು, ನಾನು ಮಂಚ ಹಿಡಿದುಕೊಂಡೆ, ಒಂದು ಕೈಯಲ್ಲಿ ಬೆಡ್‌ಪ್ಯಾನ್ ಹಿಡಿದು ಓಡಿಬಂದ ನೀಲಾಂಬಿಕೆಯೇ ಈ ಕಣ್ಣಿಗೆ ಬಿದ್ದ ಮೊದಲ ಜೀವ. ಮಸುಕು ಮಸುಕಾಗಿ ಕಂಡಳು, ಆದರೆ ಕಂಡಳು! ಹೊಲಿಗೆ ಉಳಿಯಿತು ಮಾನ್ಯರೇ, ಕಣ್ಣು ಉಳಿಯಿತು! ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಹೊಸ ಮದುವಣಗಿತ್ತಿಯ ಹಾಗೆ ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು, ಬರೀ ಕಣ್ಣು ತೋರಿಸುತ್ತ ನಿಂತಿದ್ದಳು. ಆ ನಾಚಿಕೆ ಕಂಡು ನನಗೆ ಅಳು ಬಂತು, ಅಳಬಾರದೆಂದು ಡಾಕ್ಟರರು ಗದರಿದರು.

ತಮ್ಮ ಸತತ ಸೇವೆಯಿಂದ ಒಳಗೇನೂ ಉಳಿಯದೆ ಹಗುರಾಗಿರುವ,
ತಮ್ಮ ವಿಶ್ವಾಸಿ,
ಉಚ್ಚಂಗಪ್ಪ

ತಾ.ಕ.: ಇವರು ನಿದ್ದೆ ಹೋಗಿದ್ದಾರೆ, ಇಷ್ಟನ್ನು ನೀಲಾಂಬಿಕೆಯಾದ ನಾನೇ ಬರೆಯುತ್ತಿದ್ದೇನೆ. ಅದು ನಾಚಿಕೆಯಲ್ಲ ಮಾನ್ಯರೇ, ವಾಸನೆ. ಡಾಕ್ಟರರು ಈ ದಿನ ಹೊಸ ಮಾತ್ರೆ ಕೊಟ್ಟಿದ್ದಾರೆ. ಹೊರಡುವ ದಾರಿ ತಮಗೆ ಚೆನ್ನಾಗಿಯೇ ಗೊತ್ತು. ದಯಮಾಡಿ ಬೇಗ ಹೊರಡಿ, ನನ್ನ ಗಂಡ ನನ್ನ ಪೂರ್ತಿ ಮುಖವನ್ನು ಇನ್ನೂ ನೋಡಿಲ್ಲ.