ದಾಕ್ಷಿಣ್ಯದ ತುಂಡು

ಎಲ್ಲಕ್ಕೂ ಮೂಲ ಒಂದು ತುಂಡು ಬೇಯಿಸಿದ ಕೋಳಿಮಾಂಸ. ಕಿರುಬೆರಳಿನ ಉಗುರಿಗಿಂತ ದೊಡ್ಡದಲ್ಲ.

ಇಂಥ ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವುದು ಕನ್ನಡಕದ ಅಂಗಡಿಯವರಿಗೆ ಎರಡು ತಿಂಗಳಿಂದ ಅಭ್ಯಾಸವಾಗಿತ್ತು. ಕಾರಣ, ಅವರ ನಾಯಿ ಸೋಡಾ. ಮನುಷ್ಯರೆಂದರೆ ಅದಕ್ಕೆ ಪ್ರಾಣ, ಬೆಕ್ಕುಗಳೆಂದರೆ ಒಂದು ಬಗೆಯ ಗೌರವ. ಇನ್ನೊಂದು ನಾಯಿ ಕಂಡರೆ ಮಾತ್ರ, ಕುಲುಕಿ ಮುಚ್ಚಳ ತೆಗೆದ ಬಾಟಲಿಯಂತೆ ಉಕ್ಕಿ, ಹಗ್ಗದ ಈ ತುದಿಯಲ್ಲಿ ಯಾರಿದ್ದಾರೆಂಬ ಪರಿವೆಯೇ ಇಲ್ಲದೆ ನುಗ್ಗುತ್ತಿತ್ತು. ಈ ತುದಿಯಲ್ಲಿರುತ್ತಿದ್ದವರು ಕನ್ನಡಕದವರು. ಒಮ್ಮೆ ಹೀಗೆ ಅವರು ಕಟ್ಟಡದ ಅಂಗಳದ ಹೂವಿನ ಪಾತಿಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ಹೊಟ್ಟೆಯ ಮೇಲೆ ದಾಟಿದ್ದರು.

ಪಾತಿಗೆ ದಿನವೂ ನೀರು ಹಾಕುತ್ತಿದ್ದವರು ನಿವಾಸಿಗಳ ಸಂಘದ ಕಾರ್ಯದರ್ಶಿ. ಅವರು ಕಣ್ಣು ಮುಚ್ಚಿಕೊಂಡು ತೀರ್ಪು ಕೊಟ್ಟರು. ಅವರು ಏನು ಹೇಳುವುದಿದ್ದರೂ ಕಣ್ಣು ಮುಚ್ಚಿಕೊಂಡೇ.

"ಎರಡು ತಿಂಗಳು ಟೈಮ್ ಕೊಡ್ತೀನಿ. ಆಮೇಲೆ ಎಲ್ಲಾ ನಾಯಿಗಳ ಮುಂದೆ ಇದನ್ನ ಒಂದು ಸುತ್ತು ನಡೆಸ್ಬೇಕು. ಬೊಗಳ್ತೋ, ಇಲ್ಲಿ ಜಾಗ ಇಲ್ಲ."

ನಾಯಿಯನ್ನು ಬೇರೆಯವರಿಗೆ ಕೊಟ್ಟುಬಿಡುವ ಮಾತನ್ನು ಕನ್ನಡಕದವರು ಮನಸ್ಸಿಗೂ ತಂದುಕೊಳ್ಳಲಾರರು. ಅದು ಅವರ ಅಕ್ಕನದು. ಅಕ್ಕ ತೀರಿಕೊಂಡ ಮೇಲೆ ಅವಳ ಪಾತ್ರೆಗಳಿಗೆ, ಪುಸ್ತಕಗಳಿಗೆ, ಹೊಲಿಗೆ ಯಂತ್ರಕ್ಕೆ ಜನ ಸಿಕ್ಕಿದರು; ನಾಯಿಗೆ ಯಾರೂ ಸಿಗಲಿಲ್ಲ. ಅಕ್ಕ ಇದ್ದಾಗ "ಬಾರೋ, ಒಂದು ಸುತ್ತು ಹೋಗಿ ಬರೋಣ" ಎಂದು ಕರೆದಾಗಲೆಲ್ಲ ತಮ್ಮನಿಗೆ ಪುರುಸೊತ್ತಿರಲಿಲ್ಲ. ಈಗ ಸಂಜೆಯಾದರೆ ಸಾಕು, ಹಗ್ಗ ಹಿಡಿದು ಹೊರಡುತ್ತಿದ್ದರು. ಆ ಒಂದು ಸುತ್ತಿಗೆ ಯಾರೂ ಅಡ್ಡ ಬರಬಾರದೆಂಬುದಷ್ಟೇ ಅವರ ಆಸೆ.

ನಾಯಿಗಳಿಗೆ ಪಾಠ ಹೇಳುವ ಹುಡುಗಿಯೊಬ್ಬಳನ್ನು ಕರೆಸಿದರು. ಅವಳು ಸೋಡಾಗಿಂತ ಹೆಚ್ಚಾಗಿ ಅವರನ್ನೇ ಪರೀಕ್ಷಿಸಿದಳು.

"ಸುಲಭ, ಸರ್. ಇನ್ನೊಂದು ನಾಯಿ ಕಂಡ ತಕ್ಷಣ, ಇದು ಬೊಗಳೋಕೆ ಮುಂಚೆ, ಬಾಯಿಗೆ ಒಂದು ತುಂಡು. ಶಬಾಶ್ ಅನ್ನಿ. ದಿನಾ ಹೀಗೇ ಮಾಡಿ. ಆಮೇಲೆ ನಾಯಿ ಕಂಡ್ರೆ ಶತ್ರು ಬಂದ ಅನ್ಸಲ್ಲ ಅದಕ್ಕೆ, ಊಟದ ಗಂಟೆ ಹೊಡೀತು ಅನ್ಸುತ್ತೆ. ತಿರುಗಿ ನಿಮ್ಮ ಮುಖ ನೋಡುತ್ತೆ. ಉಪ್ಪು ಹಾಕ್ಬೇಡಿ, ಅಷ್ಟೇ."

ಉಪ್ಪು ಹಾಕಲಿಲ್ಲ. ಎಡವಿದ್ದು ಬೇರೆ ಕಡೆ. ಎರಡನೇ ಮಹಡಿಯ ಟೀಚರಮ್ಮನ ನಾಯಿ ದುಂಡಗೆ, ಮೆತ್ತಗೆ, ಎಲ್ಲಿ ಕೂತರೆ ಅಲ್ಲೇ ಒರಗುವಂಥದು. ಎಲ್ಲರೂ ಅದನ್ನು ದಿಂಬು ಎನ್ನುತ್ತಿದ್ದರು. ಮೊದಲ ದಿನವೇ ದಿಂಬು ಎದುರಾಯಿತು. ಸೋಡಾನ ಬಾಯಿಗೆ ತುಂಡು ಬಿತ್ತು. ದಿಂಬು ಸೋಡಾನ ಬಾಯಿ ನೋಡಿತು, ಕನ್ನಡಕದವರ ಕೈ ನೋಡಿತು, ಕೊನೆಗೆ ಅವರ ಮುಖ ನೋಡಿತು. ಒಬ್ಬರಿಗೆ ಬಡಿಸಿ ಪಕ್ಕದವರು ಕಾಣಲೇ ಇಲ್ಲವೆಂಬಂತೆ ಮುಂದೆ ಹೋಗುವುದು ಅವರ ವಂಶದಲ್ಲೇ ಇರಲಿಲ್ಲ. ಇದು ಪಂಕ್ತಿಭೇದವಲ್ಲದೆ ಮತ್ತೇನು? ಟೀಚರಮ್ಮ ಫೋನಿನಲ್ಲಿದ್ದಾಗ ಇನ್ನೊಂದು ತುಂಡು ನೆಲಕ್ಕೆ ಜಾರಿತು.

ಮರುದಿನ ಹಲ್ಲಿನ ಡಾಕ್ಟರ ನಾಯಿಗೆ. ಅದು ಎತ್ತರದ, ಸಣಕಲು ಪ್ರಾಣಿ, ಹೆಸರು ಏಣಿ. ಅದರ ಪಕ್ಕೆಲುಬು ಕಂಡು ಅವರು ಎರಡು ತುಂಡು ಜಾರಿಸಿದರು. ಕಾರ್ಯದರ್ಶಿಗಳದು ಬಿಳಿ ಪುಟಾಣಿ, ಹತ್ತಿ. ಅದಕ್ಕೆ ಕೊಡುವುದಂತೂ ಇನ್ನೂ ಸುಲಭ. ಯಜಮಾನರು ಕಣ್ಣು ಮುಚ್ಚಿ ಉಪದೇಶ ಶುರು ಮಾಡುವವರೆಗೆ ಕಾದರಾಯಿತು. ಒಂದೊಂದೂ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಮೂಲೆಯಲ್ಲಿ. ಯಾರಿಗೂ ಗೊತ್ತಾಗಲಿಲ್ಲ. ಸೋಡಾ ಕೂಡ ತನ್ನ ಪಾಲು ಬರುತ್ತಿರುವವರೆಗೆ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ.

ಹೀಗೆ ಎರಡು ತಿಂಗಳು ಕಳೆದು, ಪರೀಕ್ಷೆಯ ದಿನ ಬಂತು.

ಬೆಳಿಗ್ಗೆ ಒಲೆಯ ಮುಂದೆ ನಿಂತ ಗಂಡನನ್ನು ಹೆಂಡತಿ ಮೇಲಿಂದ ಕೆಳಗೆ ನೋಡಿದಳು.

"ರೀ, ಇದೇನು, ನಾಯಿಗೋ, ಇಡೀ ಬೀದಿಗೋ?"

"ಇವತ್ತು ಕಡಿಮೆ ಬೀಳ್ಬಾರದು ಕಣೇ."

"ನಾನು ಕಾಯಿಲೆ ಬಿದ್ದಾಗ ಒಂದು ಲೋಟ ಗಂಜಿ ಕಾಯಿಸೋಕೆ ಪಾತ್ರೆ ಎಲ್ಲಿದೆ ಅಂತ ಕೇಳಿದ್ರಿ. ಇವತ್ತು ಪಾತ್ರೆ ತಾನಾಗೇ ಸಿಕ್ತಾ?"

ಅವರು ಎರಡೂ ಜೇಬು ತುಂಬಿಕೊಂಡರು.

ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ದಪ್ಪ ಮೀಸೆಯ ಗಿರಾಕಿಯೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುತ್ತ, "ಈಗ ಚೆನ್ನಾಗಿ ಕಾಣುತ್ತಾ? ಈಗ?" ಎಂದು ಕೇಳುತ್ತಿದ್ದರು. ಮೀಸೆಯವರು ಕೊನೆಯ ಸಾಲನ್ನು ತಪ್ಪಿಲ್ಲದೆ ಓದಿದರು.

"ಶಬಾಶ್ ಮರಿ!" ಎಂದ ಕನ್ನಡಕದವರ ಕೈ ಜೇಬಿಗೆ ಹೋಯಿತು.

ಮೀಸೆಯವರು ತಮ್ಮ ಹಳೆಯ ಕನ್ನಡಕವನ್ನೇ ಹಾಕಿಕೊಂಡು ಎದ್ದುಹೋದರು.

ಸಂಜೆ ಮನೆಗೆ ಬರುವಾಗ ಮೆಟ್ಟಿಲಲ್ಲಿ ಟೀಚರಮ್ಮ ಸಿಕ್ಕಿದರು. ಮುಖ ಕೆಂಪಾಗಿತ್ತು.

"ನೋಡಿ, ದಿಂಬೂನ ನಾಯಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ. ಇಷ್ಟು ದಪ್ಪ ಮಾಡಿದೀರಲ್ಲಮ್ಮ ಅಂತ ನನಗೇ ಬೈದು ಕಳಿಸಿದ್ರು! ನಾನು ಹಾಕೋದು ಬೇಯಿಸಿದ ತರಕಾರಿ. ಯಾರೋ ಕದ್ದು ತಿನ್ನಿಸ್ತಿದಾರೆ. ಆ ಕೈ ಯಾರದು ಅಂತ ಗೊತ್ತಾಗ್ಲಿ, ಅವರನ್ನೂ ಅವರ ನಾಯಿನೂ ಒಟ್ಟಿಗೇ ಕಟ್ಟಡ ಬಿಡಿಸ್ತೀನಿ!"

"ಛೆ ಛೆ, ಎಂಥಾ ಜನ," ಎಂದರು ಕನ್ನಡಕದವರು. ಎರಡೂ ಕೈಗಳು ಜೇಬಿನಲ್ಲಿದ್ದವು; ಹೊರಗೆ ತೆಗೆಯುವ ಧೈರ್ಯವಾಗಲಿಲ್ಲ.

ಅಂಗಳದಲ್ಲಿ ಕಾರ್ಯದರ್ಶಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗೋಡೆಯುದ್ದಕ್ಕೂ ನಾಯಿಗಳು, ಹಿಂದೆ ಅವುಗಳ ಯಜಮಾನರು. ಕನ್ನಡಕದವರು ಸೋಡಾನ ಹಗ್ಗ ಹಿಡಿದು, ಹೆಂಡತಿಯ ಜೊತೆ ಇಳಿದು ಬಂದರು. ಇಷ್ಟು ದಿನ ಬಿಡಿಬಿಡಿಯಾಗಿ ಎದುರಾದವು ಇವತ್ತು ಸಾಲಾಗಿ ಕೂತಿದ್ದವು. ಸಾಕ್ಷಾತ್ ಪಂಕ್ತಿ.

"ಶುರು ಮಾಡಿ," ಎಂದರು ಕಾರ್ಯದರ್ಶಿ.

ಸೋಡಾ ಹೆಜ್ಜೆ ಹಾಕಿತು. ದಿಂಬುವನ್ನು ಕಂಡಿತು, ತಿರುಗಿ ಯಜಮಾನರ ಮುಖ ನೋಡಿತು. ಏಣಿಯನ್ನು ಕಂಡಿತು, ಮತ್ತೆ ಮುಖ ನೋಡಿತು. ಒಂದು ಗುರ್ ಇಲ್ಲ, ಒಂದು ಎಳೆತ ಇಲ್ಲ. ಅಕ್ಕ ಇದನ್ನು ನೋಡಬೇಕಿತ್ತು ಎಂದುಕೊಳ್ಳುವಷ್ಟರಲ್ಲಿ ಅವರ ಕಣ್ಣು ಮಂಜಾಯಿತು. ಶಬಾಶ್ ಎಂದು ಜೇಬಿಗೆ ಕೈ ಹಾಕಿ, ಸೋಡಾಗೆ ಒಂದು ತುಂಡು ಕೊಟ್ಟರು.

ಸೋಡಾಗೆ ಮಾತ್ರ.

ದಿಂಬು ಎದ್ದು ನಿಂತಿತು. ಅದು ಎದ್ದು ನಿಂತದ್ದನ್ನು ಕಟ್ಟಡದಲ್ಲಿ ಯಾರೂ ನೋಡಿರಲಿಲ್ಲ. ಬೊಗಳಿತು. ಏಣಿ ಹಲ್ಲಿನ ಡಾಕ್ಟರನ್ನು ಮೂರು ಮಾರು ಎಳೆದುಕೊಂಡು ಬಂದು ಬೊಗಳಿತು. ಹತ್ತಿಯ ದನಿ ಒಡೆದ ಪೀಪಿಯಂತೆ ಅಂಗಳದ ತುಂಬ ಹರಡಿತು. ಸಾಲಿನಲ್ಲಿದ್ದ ಅಷ್ಟೂ ನಾಯಿಗಳು ಹಗ್ಗ ಕಿತ್ತುಕೊಳ್ಳುವಂತೆ ನುಗ್ಗಿದವು. ನಡುವೆ ಸೋಡಾ ಒಂದೇ, ಮದುವೆ ಮನೆಯಲ್ಲಿ ಪರಿಚಯವಿಲ್ಲದವರ ಜಗಳ ನೋಡುವವರ ಹಾಗೆ, ಸುಮ್ಮನೆ ಕೂತಿತ್ತು.

"ಸೋಡಾನ ಮೇಲಿನ ಹಳೇ ಸಿಟ್ಟು," ಎಂದರು ಹಲ್ಲಿನ ಡಾಕ್ಟರು ಏದುಸಿರು ಬಿಡುತ್ತ.

ಕಾರ್ಯದರ್ಶಿ ಕಣ್ಣು ಮುಚ್ಚಿ ಯೋಚಿಸಿದರು. "ನೋಡೇಬಿಡೋಣ. ಅಮ್ಮಾ, ನಾಯಿನ ನೀವು ಹಿಡ್ಕೊಂಡು ಎಡಗಡೆ ನಡೀರಿ. ನೀವು ಬಲಗಡೆ ಹೋಗಿ ಸಾರ್."

ಹೆಂಡತಿ ಸೋಡಾನ ಜೊತೆ ಎಡಕ್ಕೆ ಹೋದಳು. ಮೂಗುಗಳೆಲ್ಲ ಬಲಕ್ಕೆ ತಿರುಗಿದವು.

"ಕಂಬದ ಹಿಂದೆ ನಿಂತ್ಕೊಳ್ಳಿ."

ನಿಂತರು. ಅಂಗಳ ಶಾಂತವಾಯಿತು.

"ಹೊರಗೆ ಬನ್ನಿ." ಬಂದರು. ಕಿವಿ ತೂತು ಬೀಳುವ ಬೊಗಳು.

"ಮತ್ತೆ ಒಳಗೆ. ಈಗ? ಹೊರಗೆ. ಈಗ?" ಕಾರ್ಯದರ್ಶಿಗಳು ಅವರ ಅಂಗಡಿಯ ಹಳೆಯ ಗಿರಾಕಿ, ಪರೀಕ್ಷೆ ಮಾಡುವ ಕ್ರಮ ಚೆನ್ನಾಗಿ ಗೊತ್ತಿತ್ತು.

"ಮೂಕಪ್ರಾಣಿಗಳಿಗೆ ಮನುಷ್ಯರ ಒಳಗುಣ ಗೊತ್ತಾಗುತ್ತಂತೆ," ಎಂದರು ಟೀಚರಮ್ಮ, ಸ್ವಲ್ಪ ಹಿಂದೆ ಸರಿದು. "ಪಾಪ, ಇಷ್ಟು ದಿನ ಆ ನಾಯಿನ ಬೈತಿದ್ವಿ."

ಒಂದೇ ಒಂದು ಮಾತು ನಿಜ ಹೇಳಿದ್ದರೆ ಆಗುತ್ತಿತ್ತು. ಕನ್ನಡಕದವರು ಬಾಯಿ ತೆರೆದರು. ಟೀಚರಮ್ಮನನ್ನು ನೋಡಿದರು, ದಿಂಬುವಿನ ಹೊಟ್ಟೆಯನ್ನು ನೋಡಿದರು, ಬಾಯಿ ಮುಚ್ಚಿದರು.

ಕಾರ್ಯದರ್ಶಿ ತೀರ್ಪು ಕೊಟ್ಟರು. "ನಾಯಿ ಪಾಸ್. ಎಷ್ಟು ವರ್ಷ ಬೇಕಾದ್ರೂ ಇರ್ಲಿ. ನೀವು ಮಾತ್ರ ಇನ್ಮೇಲೆ ಅಂಗಳಕ್ಕೆ ಇಳೀಬೇಡಿ. ಅಂಗಡಿಗೆ ಹಿಂದಿನ ಮೆಟ್ಟಿಲಿದೆಯಲ್ಲ."

ಕತ್ತಲಾಗುವ ಮುಂಚೆ ಹೆಂಡತಿ ಗಂಡನ ಜೇಬುಗಳನ್ನು ಕಸದ ಬುಟ್ಟಿಗೆ ಖಾಲಿ ಮಾಡಿಸಿ ಹಗ್ಗ ಕೈಗೆ ತೆಗೆದುಕೊಂಡಳು. "ಒಂದು ಸುತ್ತು ಹೋಗಿ ಬರ್ತೀವಿ ರೀ. ನೀವು ಪಾತ್ರೆ ತೊಳೆದಿಡಿ. ಎಲ್ಲಿದೆ ಅಂತ ಗೊತ್ತಲ್ಲ?"

ಅವರು ಮೂರನೇ ಮಹಡಿಯ ಕಿಟಕಿಯಲ್ಲಿ ನಿಂತರು. ಕೆಳಗೆ ಅಂಗಳ ಸದ್ದಿಲ್ಲದೆ ಇತ್ತು. ಸೋಡಾ ಹೂವಿನ ಪಾತಿಯ ಪಕ್ಕದಲ್ಲಿ ಮರ್ಯಾದೆಯಿಂದ ನಡೆಯುತ್ತಿತ್ತು. ಎದುರಿಗೆ ಹತ್ತಿ ಬಂತು. ಸೋಡಾ ಬೊಗಳಲಿಲ್ಲ. ಪಕ್ಕದಲ್ಲಿದ್ದವಳ ಮುಖ ನೋಡಿತು, ಅದಲ್ಲವೆನಿಸಿ ಅತ್ತಿತ್ತ ನೋಡಿತು, ಕೊನೆಗೆ ಕತ್ತೆತ್ತಿ ಮೂರನೇ ಮಹಡಿಯ ಕಿಟಕಿಯನ್ನೇ ನೋಡುತ್ತ ನಿಂತಿತು.

ಕನ್ನಡಕದವರ ಕೈ ತಾನಾಗಿಯೇ ಜೇಬಿಗೆ ಹೋಯಿತು. ತಳದಲ್ಲಿ ಒಂದು ತುಂಡು ಉಳಿದಿತ್ತು. ಎಸೆದರೆ ಹತ್ತಿ ನೋಡುತ್ತದೆ. ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದರು. ಆಮೇಲೆ, ಕಿಟಕಿಯ ಈಚೆಯ ಪಂಕ್ತಿಯಲ್ಲಿ ತಮ್ಮ ಹೊರತು ಬಡಿಸಿಕೊಳ್ಳದೆ ಉಳಿದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಶಬಾಶ್" ಎಂದು ಮೆಲ್ಲಗೆ ಹೇಳಿ ತಮ್ಮ ಬಾಯಿಗೇ ಹಾಕಿಕೊಂಡರು.

ಉಪ್ಪೇ ಇರಲಿಲ್ಲ.